ಆಲದ ತುದಿಯ ಕಂಪ್ಯೂಟರ್

ಕಾಡಿನ ಯಾವ ಕೆರೆಯಲ್ಲಿ ನೀರುಂಟು ಎಂದು ತಿಳಿಸುವ ಕಂಪ್ಯೂಟರನ್ನು ಕೋತಿರಾಯ ಆಲದ ಮರದ ತುದಿಯಲ್ಲಿ ಕಟ್ಟಿದ. ಮುದುಕರಿಗೂ ಕೈಕಾಲು ಸೋತವರಿಗೂ ಅದು ಅನುಕೂಲವೇ ಎಂಬ ಸಂಶೋಧನೆಯನ್ನೂ ತಾನೇ ವಹಿಸಿಕೊಂಡ. ಅಡಚಣೆಯಾದವರು ಕಂಪ್ಯೂಟರಿನ ಕೆಂಪು ಗುಂಡಿ ಒತ್ತಬೇಕು. ಒತ್ತಿದವರನ್ನು ಎಣಿಸಲು ಕಾಗೆಯನ್ನು ಪಕ್ಕದಲ್ಲೇ ಕೂರಿಸಿದ.

ಬೇಸಗೆಯಲ್ಲಿ ಆಮೆಯಜ್ಜಿಯ ಕೆರೆ ಬತ್ತಿತು. ಆಕೆ ತೆವಳುತ್ತಾ ಆಲದ ಬುಡಕ್ಕೆ ಬಂದಾಗ ಕೋತಿರಾಯ ಬೇರಿನ ಮೇಲೆ ಕುಳಿತು ಹಣ್ಣು ತಿನ್ನುತ್ತಿದ್ದ.

“ಸ್ವಾಮಿ, ನೀರಿರುವ ಕೆರೆ ಯಾವುದೆಂದು ತಿಳಿಯಬೇಕು. ನನಗೆ ಮರ ಹತ್ತಲಾಗದು.”

“ಸಂಶೋಧನೆ ಮುಗಿಯಿತು ಅಜ್ಜಿ. ಒಬ್ಬರೂ ಗುಂಡಿ ಒತ್ತಿಲ್ಲ. ಆದ್ದರಿಂದ ಯಾರಿಗೂ ಅಡಚಣೆಯಿಲ್ಲ.”

“ಮತ್ತೆ ನಾನೀಗ ಹೇಳಿದ್ದು?”

“ಅದು ಬರೀ ಮಾತು. ಒತ್ತಿದರಷ್ಟೇ ಲೆಕ್ಕ.”

ಆಮೆಯಜ್ಜಿ ಅಲ್ಲಿಯವರೆಗೆ ಯಾರ ತಂಟೆಗೂ ಹೋದವಳಲ್ಲ. ಕತ್ತನ್ನು ಒಳಗೆಳೆದುಕೊಂಡು ತುಸು ಹೊತ್ತು ಯೋಚಿಸಿದಳು. ಆಮೇಲೆ ಕತ್ತು ಚಾಚಿ ಕೋತಿರಾಯನ ಬಾಲವನ್ನು ಕಚ್ಚಿ ಹಿಡಿದಳು. ಆಮೆ ಕಚ್ಚಿದರೆ ಸುಮ್ಮನೆ ಬಿಡುವ ಜಾತಿಯಲ್ಲ. ಕೋತಿರಾಯ ಕೊಸರಾಡಿದ, ಬೈದ, ಕೈಮುಗಿದ, ಗೇಣುದ್ದವೂ ಮೇಲೇರಲಾಗಲಿಲ್ಲ.

“ಕಾಗೆ, ನನಗೆ ಅಡಚಣೆಯಾಗಿದೆ, ಎಣಿಸಿಕೋ!” ಎಂದು ಕಿರುಚಿದ.

ಕಾಗೆ ತುದಿಯಿಂದ ಬಗ್ಗಿ ನೋಡಿತು. “ಅದು ಬರೀ ಮಾತು ಸ್ವಾಮಿ. ಮೇಲೆ ಬಂದು ಒತ್ತಿ.”

ಬೇರೆ ದಾರಿ ಕಾಣದೆ ಕೋತಿರಾಯ ತನ್ನ ಮಕ್ಕಳನ್ನು ಕೂಗಿ ಕಂಪ್ಯೂಟರನ್ನು ನೆಲಕ್ಕೆ ತರಿಸಿದ, ಗುಂಡಿ ಒತ್ತಿದ. ಸಂಶೋಧನೆಯ ಮೊದಲ ಅಡಚಣೆ ಹೀಗೆ ಕೋತಿರಾಯನ ಹೆಸರಿನಲ್ಲಿ ದಾಖಲಾಯಿತು.

ಆಮೆಯಜ್ಜಿ ಬಾಲ ಬಿಟ್ಟು, ನೀರಿರುವ ಕೆರೆ ಯಾವುದೆಂದು ಕಂಪ್ಯೂಟರಿನಲ್ಲಿ ನೋಡಿಕೊಂಡು ಹೊರಟಳು.