ಉತ್ತರ ತಿಂದ ಬಂಡೆ

ನೈಜೀರಿಯಾ ದೇಶದಲ್ಲಿ, ನೈಜರ್ ಮಹಾನದಿಯ ಪಶ್ಚಿಮ ದಿಕ್ಕಿನ ಕಾಡುಸೀಮೆಯಲ್ಲಿ, ಒಕೆಮೊ ಎಂಬ ಗುಡ್ಡವಿದೆ. ಅದರ ನಡುಮೈಯಲ್ಲಿ, ಹಾದಿ ಎಡಕ್ಕೆ ತಿರುಗುವ ಕಡೆ, ಒಂದು ಪಂಕ್ತಿ ಜನ ಕೂತು ಊಟ ಮಾಡಬಹುದಾದಷ್ಟು ಅಗಲದ ಚಪ್ಪಟೆ ಕರಿಬಂಡೆ ಚಾಚಿಕೊಂಡಿದೆ. ಬಿಸಿಲೇರಿದರೆ ಕಿತ್ತಳೆ ತಲೆಯ ಓತಿಕೇತಗಳು ಅದರ ಮೇಲೆ ಗೋಣು ಆಡಿಸುತ್ತ ಮಲಗಿರುತ್ತವೆ. ಬಂಡೆಯ ಮೇಲುಗಡೆ ಒಂದು ಊರು, ಕೆಳಗಡೆ ಇನ್ನೊಂದು ಊರು. ಮೇಲಿನವರು ಯೊರುಬಾ ಜನ, ಕೆಳಗಿನವರು ಇಗ್ಬೊ ಜನ. ಕೇಳಿದರೆ ಹಾಗೆಂದೇ ಹೇಳುತ್ತಾರೆ, ಎದೆಯುಬ್ಬಿಸಿಯೇ ಹೇಳುತ್ತಾರೆ. ಆದರೆ ಕಂಕುಳಲ್ಲಿ ಅವುಚಿ ನುಡಿಸುವ ಯೊರುಬಾ ಮದ್ದಳೆಯಿಲ್ಲದೆ ಕೆಳಗಿನ ಊರಿನಲ್ಲಿ ಹೆಣ ಮೇಲೇಳುವುದಿಲ್ಲ. ಇಗ್ಬೊ ಹಾಡಿಲ್ಲದೆ ಮೇಲಿನ ಊರಿನಲ್ಲಿ ಮದುಮಗಳು ಹೊಸ್ತಿಲು ದಾಟುವುದಿಲ್ಲ. ಕನ್ನಡನಾಡಿನಿಂದ ಬಂದು ಈ ಗುಡ್ಡದ ಸಂತೆಯಲ್ಲಿ ಬಟ್ಟೆ ಮಾರುವ ನನಗೆ ಇದು ದಿನವೂ ಕಾಣುವ ಸಂಗತಿ. ನೀಲಿ ಅದ್ದಿದ ಒಂದೇ ಬಗೆಯ ಬಟ್ಟೆಯನ್ನು ಹಿಡಿದುಕೊಂಡು ಇಬ್ಬರು ಹೆಂಗಸರು, ಇದು ನಮ್ಮವರದು, ಅಲ್ಲ ನಮ್ಮವರದು ಎಂದು ಜಗಳವಾಡಿ, ಕೊನೆಗೆ ಇಬ್ಬರೂ ಅದನ್ನೇ ಕೊಳ್ಳುತ್ತಾರೆ.

ಬಂಡೆಗೆ ಎರಡು ಭಾಷೆಗಳಲ್ಲಿ ಎರಡು ಹೆಸರಿದ್ದರೂ ಅರ್ಥ ಒಂದೇ: ಉತ್ತರ ತಿಂದ ಬಂಡೆ. ಈ ಹೆಸರು ಹೇಗೆ ಬಂತೆಂದು ಮೇಲಿನವರೊಬ್ಬರು ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ್ದಾರೆ, ಅದಕ್ಕೆ ಜವಾಬೆಂದು ಕೆಳಗಿನವರೊಬ್ಬರು ಇನ್ನೊಂದು ಹಾಕಿಸಿದ್ದಾರೆ. ಎರಡನ್ನೂ ಓದಿದ್ದೇನೆ. ಯಾರು ಯಾರಿಂದ ಏನನ್ನು ಪಡೆದರು ಎಂಬ ಲೆಕ್ಕದಲ್ಲಿ ಇಬ್ಬರೂ ಮುಳುಗಿಹೋಗಿದ್ದಾರೆ; ನಡೆದ ಕಥೆಯನ್ನು ಇಬ್ಬರೂ ಪೂರ್ತಿ ಹೇಳಿಲ್ಲ. ಎರಡೂ ಊರಿನ ಮುದುಕಿಯರ ಬಾಯಿಂದ ಕೇಳಿ, ಹೊಂದಿಸಿ ನೋಡಿ, ನಾನು ಒಪ್ಪಿಕೊಂಡ ಕಥೆ ಇದು.

ಹಿಂದೆ ಒಮ್ಮೆ ಗುಡ್ಡದಲ್ಲಿ ಮೇಲಿನ ಊರೊಂದೇ ಇತ್ತಂತೆ. ಅವರ ಹಿರಿಯರು ಪಶ್ಚಿಮದ ಯಾವುದೋ ಯೊರುಬಾ ಅರಸನ ಮೇಲೆ ಮುನಿಸಿಕೊಂಡು ಬಂದು ಇಲ್ಲಿ ನೆಲೆನಿಂತವರು. ಸುತ್ತ ಬೇರೆ ಮಾತಿನ ಜನರಿದ್ದುದರಿಂದ ತಮ್ಮ ಮಾತನ್ನೂ ದೇವರನ್ನೂ ಕೆಂಡ ಕಾಯ್ದಂತೆ ಕಾಯ್ದುಕೊಂಡಿದ್ದರು. ಹೀಗಿರುವಾಗ ಒಂದು ಬೇಸಿಗೆಯಲ್ಲಿ ಮಹಾನದಿಯ ಆಚೆ ದಡದಿಂದ ಇಗ್ಬೊ ಜನರ ಒಂದು ಗುಂಪು ಬಂತು. ಅಣ್ಣತಮ್ಮಂದಿರ ಜಗಳದಲ್ಲಿ ನೆಲ ಕಳೆದುಕೊಂಡವರು. ಅವರ ಹಿರಿಯನ ಹೆಸರು ಒಬಿಯೆಚಿ. ಅವನು ತನ್ನ ತಾಯಿ ಉಗೊಯೆಯನ್ನು ಬೆನ್ನ ಮೇಲೆ ಹೊತ್ತು ನದಿ ದಾಟಿಸಿದ್ದ. ಹೆಂಗಸರ ತಲೆಯ ಮೇಲೆ ಬುಟ್ಟಿಗಳು, ಬುಟ್ಟಿಗಳಲ್ಲಿ ಬಿತ್ತನೆಗೆಂದು ಉಳಿಸಿದ ಹೆಗ್ಗೆಣಸು. ಗುಡ್ಡದ ಬುಡದಲ್ಲಿ ಸೋಗೆಯ ಮರೆ ಕಟ್ಟಿಕೊಂಡು, ಮಳೆಯ ಮೊದಲು ನೆಡಲು ನೆಲ ಕೊಡಿ ಎಂದು ಮೇಲಿನವರನ್ನು ಕೇಳಿದರು.

ಮೇಲಿನವರಿಗೆ ನೆಲದ ಕೊರತೆಯಿರಲಿಲ್ಲ. ಅವರ ಅಂಜಿಕೆ ಬೇರೆ. ಬಂದವರು ಬುಡದಲ್ಲಿ ಕೂತ ಕೆಲವೇ ದಿನಗಳಲ್ಲಿ ಮೇಲಿನ ಮಕ್ಕಳು ಚಿಲುಮೆಯ ಬಳಿ ಕೆಳಗಿನವರ ಹಾಡು ಗುನುಗತೊಡಗಿದ್ದರು. ಸೊಸೆಯಂದಿರು ಅವರಂತೆ ತಲೆ ಹೆಣೆದುಕೊಂಡು ಬಂದರು. ಊರಿನ ಯಜಮಾನನ ಸ್ವಂತ ಮಗಳೇ ಅಡುಗೆಮನೆಯಲ್ಲಿ ಅವರ ಭಾಷೆಯಲ್ಲಿ ಬೆಕ್ಕನ್ನು ಬೈದಳಂತೆ. "ಇನ್ನೆರಡು ಮಳೆಗಾಲ ಹೋಗಲಿ, ಇವರು ಯಾರ ಮಕ್ಕಳೆಂದು ನಾವೇ ಕೇಳಬೇಕಾಗುತ್ತದೆ" ಎಂದು ಯಜಮಾನ ಕೊರಗಿದ. ಅವನ ತಮ್ಮನ ಮಗ ಅಯಿಂಡೆ ಎಂಬ ಮುಂಗೋಪಿ, "ಕೇಳುವುದೇನು ದೊಡ್ಡಪ್ಪ, ಇವತ್ತೇ ಓಡಿಸೋಣ" ಎಂದ. ಇತ್ತ ಗುಡ್ಡದ ಬುಡದಲ್ಲಿ ಒಬಿಯೆಚಿ ಮೋಡ ಕಂಡಾಗಲೆಲ್ಲ ಬುಟ್ಟಿಗಳನ್ನು ತೆರೆದು ನೋಡುತ್ತಿದ್ದ. ಗೆಣಸು ಮೊಳಕೆಯೊಡೆಯುತ್ತಿತ್ತು. ಇಲ್ಲಿ ನೆಡಲಾಗದಿದ್ದರೆ ಇನ್ನೆಲ್ಲಿಯೂ ನೆಡಲಾಗದು, ಮುಂದಿನ ವರುಷಕ್ಕೆ ತಿನ್ನಲು ಏನೂ ಇರದು. ತಾಯಿಯನ್ನು ಇನ್ನೊಮ್ಮೆ ಬೆನ್ನ ಮೇಲೆ ಹೊತ್ತರೆ ಅವಳು ಅಲ್ಲೇ ಪ್ರಾಣ ಬಿಡುತ್ತಾಳೆಂಬುದೂ ಅವನಿಗೆ ಗೊತ್ತಿತ್ತು.

ಕೊನೆಗೆ ಮೇಲಿನವರು ದೇವರನ್ನೇ ಕೇಳುವುದೆಂದು ನಿಶ್ಚಯಿಸಿದರು. ನಮ್ಮ ಕಡೆ ಗರ್ಭಗುಡಿಯ ಮುಂದೆ ಕೂತು ಹೂಪ್ರಸಾದ ಕೇಳುವ ಹಾಗೆ ಅವರು ಕೋಲಾ ಕಾಯಿಯಿಂದ ಕೇಳುತ್ತಾರೆ. ಕೋಲಾ ಕಾಯಿಯೆಂದರೆ ಅಡಿಕೆಯಂತೆ ಒಗರು ಕಹಿ, ಮರ್ಯಾದೆಯೂ ಅಡಿಕೆಯದೇ. ಅದನ್ನು ಉಗುರಿನಿಂದ ಬಿಡಿಸಿದರೆ ನಾಲ್ಕು ಹೋಳು. ಹೋಳುಗಳನ್ನು ನೆಲಕ್ಕೆ ಎಸೆದು, ಎಷ್ಟು ಅಂಗಾತ ಬಿದ್ದವು, ಎಷ್ಟು ಬೋರಲು ಬಿದ್ದವು ಎಂಬುದರ ಮೇಲೆ ದೇವರ ಹೌದು ಅಲ್ಲಗಳನ್ನು ಓದುತ್ತಾರೆ. ಓದಬೇಕಾದವನು ಊರಿನ ಪೂಜಾರಿ ಅವೊಯೆಮಿ. ಅವನ ಕಣ್ಣು ಬಲು ಚುರುಕು, ಹೋಳು ಗಾಳಿಯಲ್ಲಿರುವಾಗಲೇ ಅವನಿಗೆ ಉತ್ತರ ತಿಳಿಯುತ್ತಿತ್ತು ಎನ್ನುತ್ತಾರೆ. ಒಂದು ಪ್ರಶ್ನೆಯನ್ನು ದೇವರಿಗೆ ಎರಡು ಸಲ ಕೇಳುವಂತಿಲ್ಲ ಎಂಬುದು ಕಟ್ಟಳೆ.

ಊರೊಳಗೆ ಪರಕೀಯರನ್ನು ಕರೆಯಲು ಮನಸ್ಸಿಲ್ಲದೆ ನಡುದಾರಿಯ ಈ ಬಂಡೆಯ ಮೇಲೆ ಸೇರಿದರು. ಒಂದು ಕಡೆ ಮೇಲಿನವರು, ಎದುರಿಗೆ ಒಬಿಯೆಚಿಯೂ ಗೆಣಸಿನ ಬುಟ್ಟಿ, ಗುದ್ದಲಿಗಳೊಡನೆ ಅವನ ಜನವೂ, ಚಾಪೆಯ ಮೇಲೆಯೇ ಎತ್ತಿ ತಂದ ಉಗೊಯೆಯೂ. ಸಂತೆಗಳಲ್ಲಿ ಆಡುವ ಬೆರಕೆ ಮಾತು ಎರಡು ಕಡೆಯವರಿಗೂ ಅಷ್ಟಿಷ್ಟು ಬರುತ್ತಿತ್ತು, ಪೂಜೆಯ ಮಾತು ಮಾತ್ರ ಒಬ್ಬರದು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಅವೊಯೆಮಿ ನೀರು ಚಿಮುಕಿಸಿ, ದೇವರನ್ನು ಕರೆದು, ಇವರು ಇರಬಹುದೇ ಎಂದು ಕೇಳಿ, ಹೋಳುಗಳನ್ನು ಬಂಡೆಯ ಮೇಲೆ ಎಸೆದ. ಮೇಲಿನವರು ಕತ್ತು ಚಾಚಿ ಕಾದರು. ಅವೊಯೆಮಿ ಬಗ್ಗಿದ.

ಅಷ್ಟರಲ್ಲಿ ಒಬಿಯೆಚಿ ಕೈಚಾಚಿ ನಾಲ್ಕೂ ಹೋಳುಗಳನ್ನು ಬಾಚಿಕೊಂಡ.

ಅವನ ನಾಡಿನಲ್ಲಿಯೂ ಕೋಲಾ ಕಾಯಿಯಿಲ್ಲದೆ ಯಾವ ಮಾತೂ ಮೊದಲಾಗುವುದಿಲ್ಲ. ಆದರೆ ಅಲ್ಲಿ ಅದು ಅತಿಥಿಗೆ ಕೊಡುವ ವಸ್ತು. ಮನೆಯವನು ಬಿಡಿಸಿ ಮುಂದಿಟ್ಟ ಕಾಯಿಯನ್ನು ಮುಟ್ಟದೆ ಬಿಟ್ಟರೆ, ನಿನ್ನ ಮನೆಯಲ್ಲಿ ವಿಷವಿದೆ ಎಂದು ಮುಖಕ್ಕೆ ಹೇಳಿದಂತೆ. ಪಾಪ ಇವರಿಗೆ ತಟ್ಟೆಯೂ ಇಲ್ಲ, ಕಲ್ಲಿನ ಮೇಲೆಯೇ ಬಡಿಸಿದ್ದಾರೆ, ನಾನು ತೆಗೆದುಕೊಳ್ಳಲೆಂದು ಸುಮ್ಮನೆ ಕಾದಿದ್ದಾರೆ ಎಂದುಕೊಂಡ ಅವನು, ತನ್ನ ಭಾಷೆಯಲ್ಲಿ ಮನೆಯವರಿಗೆ ಆಯುಸ್ಸು ಕೋರಿ, ಒಂದು ಹೋಳನ್ನು ದೊಡ್ಡ ತಮ್ಮನಿಗೆ ಕೊಟ್ಟ, ಒಂದನ್ನು ಚೂರು ಮಾಡಿ ಉಳಿದವರಿಗೆ ಹಂಚಿದ, ಒಂದನ್ನು ತಾಯಿಯ ಬಾಯಿಗಿಟ್ಟ, ಒಂದನ್ನು ತಾನು ಕಡಿದ. ಕಾಯಿ ಕಟುಮ್ಮೆಂದ ಸದ್ದು ಎಲ್ಲರಿಗೂ ಕೇಳಿಸಿತಂತೆ.

ಮೇಲಿನವರೆಲ್ಲ ಒಟ್ಟಿಗೆ ಕೂಗಿಕೊಂಡರು. "ದೇವರ ಬಾಯಿಂದ ಕಸಿದು ತಿಂದರಲ್ಲೋ!" "ತಿನ್ನದೆ ಏನು ಮಾಡಬೇಕಿತ್ತು? ಅನ್ನವನ್ನು ನೆಲಕ್ಕೆ ಎಸೆಯುವವರು ನೀವು, ಹೆಕ್ಕಿದ್ದು ನಮ್ಮ ತಪ್ಪೇ?" ಎಂದು ಕೆಳಗಿನವರು ತಿರುಗಿ ಕೂಗಿದರು. ಅಯಿಂಡೆ ಮಚ್ಚು ಹಿರಿದ. "ಉತ್ತರ ಇವರ ಹೊಟ್ಟೆಯೊಳಗೆ ತಾನೇ ಇದೆ, ಸೀಳಿ ನೋಡೋಣ" ಎಂದ. ಒಬಿಯೆಚಿಯ ತಮ್ಮಂದಿರು ಗುದ್ದಲಿಗಳನ್ನು ಎತ್ತಿಕೊಂಡರು. ಯಜಮಾನ ಮಾತ್ರ ಅವೊಯೆಮಿಯ ಕಡೆ ತಿರುಗಿ, "ಬಾಬಾ, ನೀನು ನೋಡಿದೆಯಲ್ಲ, ಹೇಗೆ ಬಿದ್ದಿದ್ದವು? ಹೇಳಿಬಿಡು" ಎಂದ. ಬಾಬಾ ಎಂದರೆ ಅವರಲ್ಲಿ ಅಪ್ಪ ಎಂದು, ಹಿರಿಯ ಎಂದು. ಅವೊಯೆಮಿ ಉಗೊಯೆಯನ್ನು ನೋಡುತ್ತಿದ್ದ. ಹಲ್ಲಿಲ್ಲದ ಮುದುಕಿಯ ಕೆನ್ನೆ ಒಂದು ಕಡೆ ಉಬ್ಬಿತ್ತು. ಅವಳ ಪಾಲಿನ ಹೋಳು ಇನ್ನೂ ಇಡಿಯಾಗಿಯೇ ಇತ್ತು.

ಅಯಿಂಡೆಯೂ ಅದನ್ನು ಕಂಡ. "ಉಗುಳು ಮುದುಕಿ!" ಎಂದು ಮಚ್ಚು ತೋರಿಸಿದ.

ಉಗೊಯೆ ಹೆದರಲಿಲ್ಲ. ಸಂತೆಯ ಹರಕುಮುರುಕು ಮಾತಿನಲ್ಲಿಯೇ, "ಏನಪ್ಪಾ, ಮೊದಲು ಹಲ್ಲಿಲ್ಲದವಳಿಗೆ ಕಾಯಿ, ಆಮೇಲೆ ಅದಕ್ಕೊಂದು ಮಚ್ಚು. ನಿಮ್ಮೂರಿನ ಉಪಚಾರ ಜೋರಾಗಿದೆ" ಎಂದಳು. ಮೇಲಿನ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಮುದುಕಿ ಹೋಳನ್ನು ಬಾಯಿಂದ ತೆಗೆದು, ಸೆರಗಿನಿಂದ ಒರೆಸಿ, ಅಂಗೈಯಲ್ಲಿಟ್ಟು ಅವೊಯೆಮಿಯ ಮುಂದೆ ಚಾಚಿದಳು. "ನನ್ನ ಮಗ ಮನೆಯವನಿಗೆ ಪಾಲು ಕೊಡುವುದನ್ನೇ ಮರೆತ. ಬೆಳೆಸಿದ್ದು ನಾನು, ತಪ್ಪು ನನ್ನದೇ. ಇದು ನಿನ್ನ ಪಾಲು. ನಿನಗೆ ಹಲ್ಲಿದೆ. ತಿನ್ನು."

ಆ ಒದ್ದೆ ಹೋಳನ್ನು ಕೆಳಗಿಟ್ಟು, ನಾನು ಕಂಡದ್ದು ಹೀಗೆ ಎಂದು ಹೇಳಿಬಿಟ್ಟರೆ ಅವೊಯೆಮಿಯ ಕೆಲಸ ಮುಗಿಯುತ್ತಿತ್ತು. ತಿಂದರೆ ಅವನ ಪೂಜಾರಿತನವೇ ಮುಗಿಯುತ್ತಿತ್ತು. ದೇವರ ಮಾತು ನುಂಗಿದವನ ಕೈಗೆ ಮತ್ತೆ ಯಾರೂ ಕಾಯಿ ಕೊಡುವುದಿಲ್ಲ. ಅವನು ಮೊಳಕೆ ಬಂದ ಬುಟ್ಟಿಗಳನ್ನು ನೋಡಿದ, ತನ್ನವರನ್ನು ನೋಡಿದ, ಮುದುಕಿಯ ಅಂಗೈಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೋಳನ್ನೆತ್ತಿ ಬಾಯಿಗೆ ಹಾಕಿಕೊಂಡ.

"ಬಾಬಾ! ದೇವರು ಏನೆಂದ?" ಎಂದು ಯಜಮಾನ ಕೂಗಿದ.

"ಬಾಯಲ್ಲಿ ಕಾಯಿ ಇಟ್ಟುಕೊಂಡವನನ್ನು ಮಾತಾಡಿಸಬೇಡ" ಎಂದ ಅವೊಯೆಮಿ. ಕೆಳಗಿನವರು ಬುಟ್ಟಿ ಹೊತ್ತು ಇಳಿದು, ನೆಲ ಅಗೆದು, ಮೊದಲ ಗೆಣಸು ಮಣ್ಣಿಗಿಡುವ ತನಕವೂ ಅವನು ಅಗಿಯುತ್ತಲೇ ಇದ್ದನಂತೆ. ತಮ್ಮ ಪೂಜಾರಿಯೇ ಯಾರ ಪಾಲನ್ನು ತಿಂದನೋ ಅವರ ಮೇಲೆ ಕೈಮಾಡಲು ಮೇಲಿನವರಿಗೆ ಆಗಲಿಲ್ಲ. ಇರಿ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಕೆಳಗಿನವರು ಉಳಿದರು.

ಅವೊಯೆಮಿಗೆ ಮಾತ್ರ ಅಂದಿನಿಂದ ಒಂದೆಡೆ ಕೂರಲಾಗಲಿಲ್ಲ. ಪೂಜೆ ತಪ್ಪಿದವನು ಈ ದಾರಿಯಲ್ಲಿ ಹತ್ತುತ್ತ ಇಳಿಯುತ್ತ ಬಾಳು ಕಳೆದ. ಮೇಲಿದ್ದಾಗ ಕೆಳಗಿನ ಧ್ಯಾನ, ಕೆಳಗಿದ್ದಾಗ ಮೇಲಿನ ಧ್ಯಾನ. ಅಂದು ಹೋಳುಗಳು ಹೇಗೆ ಬಿದ್ದಿದ್ದವೆಂದು ಎರಡೂ ಊರಿನವರು ಕೇಳಿದರು, ಅವನು ಸಾಯುವವರೆಗೂ ಹೇಳಲಿಲ್ಲ. ಹೌದೆಂದೇ ಬಿದ್ದಿತ್ತು ಎಂದು ಕೆಳಗಿನವರು ಮಕ್ಕಳಿಗೆ ಕಲಿಸುತ್ತಾರೆ. ಅವರ ಸಣ್ಣ ಪುಸ್ತಕದಲ್ಲಿಯೂ ಹಾಗೆಯೇ ಇದೆ. ಆದರೆ ಹೌದೆಂದು ಬಿದ್ದಿದ್ದರೆ ಅವನು ಅದನ್ನು ಕೂಗಿ ಹೇಳಬಹುದಿತ್ತಲ್ಲ, ತಿನ್ನುವ ಅಗತ್ಯವೇನಿತ್ತು? ನಾನು ಹೀಗೆ ಕೇಳಿದಾಗ ಕೆಳಗಿನ ಊರಿನ ಹಿರಿಯರೊಬ್ಬರು ಮುಖ ತಿರುಗಿಸಿ, "ಬಟ್ಟೆ ಅಳೆಯಮ್ಮ" ಎಂದರು. ಎಲ್ಲರಿಗೂ ಗೊತ್ತಿರುವುದು ಇಷ್ಟೇ. ಯಾರೂ ಬಾಯಿಬಿಟ್ಟು ಆಡದಿರುವುದೂ ಇಷ್ಟೇ.

ಈಗಲೂ ಗೆಣಸು ನೆಡುವ ಮೊದಲು ಎರಡೂ ಊರಿನವರು ಬಂಡೆಯ ಬಳಿ ಸೇರುತ್ತಾರೆ. ನೋಡಲು ಪಟ್ಟಣದವರೂ ಬರುತ್ತಾರೆ. ಮೇಲಿನ ಪೂಜಾರಿ ಕಾಯಿ ಬಿಡಿಸಿ, ಅದೇ ಪ್ರಶ್ನೆ ಕೇಳಿ, ಹೋಳುಗಳನ್ನು ಮೇಲಕ್ಕೆ ಎಸೆಯುತ್ತಾನೆ. ಹಿಂದೆ ಕೇಳಿದ್ದಕ್ಕೆ ಉತ್ತರ ಓದಲಿಲ್ಲವಾದ್ದರಿಂದ ಇದು ಎರಡನೆಯ ಸಲ ಕೇಳಿದಂತಲ್ಲವೆಂದು ಅವರ ವಾದ. ಹೋಳುಗಳು ಬಂಡೆಗೆ ಬೀಳುವ ಮೊದಲೇ ಗಾಳಿಯಲ್ಲಿ ಹಿಡಿದು ತಿಂದುಬಿಡಬೇಕು. ಹಿಡಿಯಲು ಮೇಲಿನವರು ಇಬ್ಬರು, ಕೆಳಗಿನವರು ಇಬ್ಬರು. ಪಟ್ಟಣದವರು ಇದನ್ನೊಂದು ಆಟವೆಂದುಕೊಂಡು ಚಪ್ಪಾಳೆ ತಟ್ಟುತ್ತಾರೆ. ಊರಿನವರು ತಟ್ಟುವುದಿಲ್ಲ.

ಕಳೆದ ಸಲ ಒಂದು ಹೋಳು ಕೈಜಾರಿ ಬಂಡೆಯ ಮೇಲೆ ಬಿತ್ತು. ಉತ್ತರ ಕಂಡುಬಿಟ್ಟೀತೆಂದು ಯಾರೂ ಅತ್ತ ನೋಡಲಿಲ್ಲ, ಎಲ್ಲರೂ ಆಕಾಶ ನೋಡಿದರು. ಮೇಲಿನ ಊರಿನ ಫುಂಕೆ ಎಂಬ ಸೊಪ್ಪು ಮಾರುವ ಅಜ್ಜಿ ಮೆಲ್ಲಗೆ ಬಂದು, "ಅಯ್ಯೋ ನನ್ನ ಮಂಡಿ" ಎಂದು ಅದರ ಮೇಲೆಯೇ ಕೂತುಬಿಟ್ಟಳು. ಜನ ಒಬ್ಬೊಬ್ಬರಾಗಿ ಕರಗಿದರು. ಇಳಿಹೊತ್ತಿನಲ್ಲಿ ನಾನು ಅಂಗಡಿ ಮುಚ್ಚಿ ಆ ದಾರಿಯಲ್ಲಿ ಬಂದಾಗಲೂ ಅವಳು ಅಲ್ಲೇ ಇದ್ದಳು. ಕೆಳಗಿನ ಯಾವುದೋ ಮನೆಯವರು ತಂದಿಟ್ಟ ಗೆಣಸಿನ ಮುದ್ದೆ, ಸಾರು ಮುಂದಿತ್ತು.

"ಏಳುವುದಿಲ್ಲವೇ ಅಜ್ಜಿ?" ಎಂದೆ.

"ಮಳೆ ಬಂದು ನನ್ನ ಅಡಿಯ ಈ ಹೋಳನ್ನು ಕೊಚ್ಚಿಕೊಂಡು ಹೋಗಲಿ, ಏಳುತ್ತೇನೆ" ಎಂದಳು. ಆಕಾಶದಲ್ಲಿ ಮೋಡವಿರಲಿಲ್ಲ. ಅವಳು ಮುದ್ದೆ ಮುರಿದು ಸಾರಿಗೆ ಅದ್ದಿದಳು.