ಓದು ನಿಂತ ಮಧ್ಯಾಹ್ನ

“ಗುರುಗಳೇ, ನನಗೆ ಓದಲು ಬರುವುದಿಲ್ಲ ಎಂದು ನೀವು ಹೇಳಿದಿರಂತೆ. ನಿಜವೇ?” ಎಂದು ಶಿಷ್ಯ ಕೇಳಿದ.

ಕೇಳಿದವನು ಚನ್ನವೀರ. ಆ ಮಠದಲ್ಲಿ ಊಟಕ್ಕೆ ಮೊದಲು ಒಬ್ಬರು ಪುಸ್ತಕ ಓದುವ ಪದ್ಧತಿ ಇತ್ತು. ಎಲೆಗೆ ಅನ್ನ ಬಡಿಸಿದ ಮೇಲೆ ಓದು ಶುರುವಾಗುತ್ತಿತ್ತು. ಆ ದಿನದ ಭಾಗ ಮುಗಿಯುವವರೆಗೆ ಯಾರೂ ಅನ್ನಕ್ಕೆ ಕೈ ಹಚ್ಚುವಂತಿರಲಿಲ್ಲ. ಹಲವು ವರ್ಷಗಳಿಂದ ಆ ಕೆಲಸ ಚನ್ನವೀರನದು. ಅವನ ಧ್ವನಿ ದೊಡ್ಡದು, ಉಚ್ಚಾರ ಸ್ಪಷ್ಟ. ಎಲ್ಲಿಯೂ ತಡವರಿಸದೆ, ಎಲ್ಲಿಯೂ ನಿಲ್ಲದೆ ಓದಿ ಮುಗಿಸುತ್ತಿದ್ದ. ಚನ್ನವೀರ ಓದುವ ದಿನ ಅನ್ನ ಆರುವುದಿಲ್ಲ ಎಂದು ಅಡುಗೆಯವರು ಹೊಗಳುತ್ತಿದ್ದರು. ಕೇಳಿ ಕೇಳಿ ಅವನೂ ಅದನ್ನು ನಂಬಿದ್ದ.

ಮಠದ ಶಾಲೆಯಲ್ಲಿ ಮಕ್ಕಳಿಗೆ ಓದು ಕಲಿಸುವ ಕೆಲಸ ತನಗೇ ಬರುತ್ತದೆ ಎಂದು ಅವನು ಕಾದಿದ್ದ. ಗುರುಗಳು, ಮೊದಲು ಅವನಿಗೆ ಓದಲು ಬರಲಿ, ಆಮೇಲೆ ನೋಡೋಣ ಎಂದುಬಿಟ್ಟರು. ಆ ಮಾತು ಅವನ ಕಿವಿಗೆ ಬಿದ್ದಿತ್ತು. ಅವನಿಗೆ ಅವಮಾನವಾಗಿತ್ತು.

“ಹೇಳಿದ್ದು ನಿಜ. ಸಿಟ್ಟು ಬಂದಿದ್ದರೆ ಕುಳಿತುಕೊ. ನಿಂತು ಸಿಟ್ಟು ಮಾಡಿದರೆ ಕಾಲು ನೋಯುತ್ತದೆ” ಎಂದರು ಗುರುಗಳು. ಶಿಷ್ಯ ಕುಳಿತ. ಅವರು ಕತೆ ಹೇಳತೊಡಗಿದರು.

ಕಡಲ ಹತ್ತಿರದ ಒಂದು ಊರಿನಲ್ಲಿ ಬೀಡಿ ಕಟ್ಟುವ ಕೊಟ್ಟಿಗೆ ಇತ್ತು. ಹೆಂಗಸರು ಚಾಪೆಯ ಮೇಲೆ ಸಾಲಾಗಿ ಕುಳಿತು, ಮಡಿಲಲ್ಲಿ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಇದೇ. ಕೈಗೆ ಕೆಲಸ ಇತ್ತು, ಕಿವಿಗೆ ಇರಲಿಲ್ಲ. ಅದಕ್ಕಾಗಿ ಅವರು ಒಂದು ಕ್ರಮ ಮಾಡಿಕೊಂಡಿದ್ದರು. ಒಬ್ಬಳು ಬೀಡಿ ಕಟ್ಟದೆ ಗಟ್ಟಿಯಾಗಿ ಕಾದಂಬರಿ ಓದಬೇಕು. ಉಳಿದವರು ತಮ್ಮ ತಮ್ಮ ಮೊರದಿಂದ ಒಂದೊಂದು ಹಿಡಿ ಬೀಡಿಯನ್ನು ಅವಳ ಮೊರಕ್ಕೆ ಹಾಕಬೇಕು. ಸಂಜೆ ನೋಡಿದರೆ ಓದಿದವಳ ಮೊರವೂ ತುಂಬಿರುತ್ತಿತ್ತು.

ಪುಸ್ತಕ ಮಾತ್ರ ಕೊಟ್ಟಿಗೆ ಬಿಟ್ಟು ಹೊರಗೆ ಹೋಗಬಾರದು. ಮುಂದೆ ಏನಾಯಿತು ಎಂಬುದು ಎಲ್ಲರಿಗೂ ಒಟ್ಟಿಗೇ ತಿಳಿಯಬೇಕು, ಒಬ್ಬಳಿಗೆ ಮೊದಲೇ ತಿಳಿಯಬಾರದು. ಇದು ಹೆಂಗಸರ ಕಟ್ಟಳೆ. ಕೊಟ್ಟಿಗೆಯ ಯಜಮಾನನ ಕಟ್ಟಳೆ ಬೇರೆ. ಓದು ಕೇಳುತ್ತ ಕೈ ನಿಲ್ಲಬಾರದು. ಕೈ ನಿಂತ ದಿನ ಓದು ಬಂದ್, ಓದುವವಳು ಮನೆಗೆ.

ಆ ಕೊಟ್ಟಿಗೆಗೆ ಸುಗಂಧಿ ಎಂಬ ಹುಡುಗಿ ಕೆಲಸಕ್ಕೆ ಬಂದಳು. ಹದಿನಾರು ವರ್ಷದವಳು. ಶಾಲೆಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ ಪಾಠ ಓದಿಸುತ್ತಿದ್ದರು. ತಪ್ಪಿದರೆ ಇಡೀ ತರಗತಿ ನಗುತ್ತಿತ್ತು. ಆ ನಗೆಗೆ ಹೆದರಿ ಅವಳು ತಪ್ಪಿಲ್ಲದೆ ಓದುವುದನ್ನು ಕಲಿತಳು. ಕಲಿತ ಮೇಲೆ ಅವಳಿಗೆ ಪುಸ್ತಕವನ್ನು ಕಂಡರಾಗುತ್ತಿರಲಿಲ್ಲ. ಕೊನೆಯ ಪರೀಕ್ಷೆ ಮುಗಿದ ದಿನ ಪುಸ್ತಕಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿ, ನೀರು ಕಾಯಿಸಿ, ತಲೆಗೆ ಸ್ನಾನ ಮಾಡಿದಳು. ಅಂಥ ಸುಖದ ಸ್ನಾನ ಮತ್ತೆ ಆಗಿಲ್ಲ ಎಂದು ಎಲ್ಲರ ಹತ್ತಿರವೂ ಹೇಳುತ್ತಿದ್ದಳು.

ಆದರೆ ಅವಳ ಬೆರಳು ಬೀಡಿಗೆ ಒಗ್ಗಲಿಲ್ಲ. ಅವಳು ಕಟ್ಟಿದ ಬೀಡಿ ಬಾಯಿಗೆ ಹೋಗುವ ಮೊದಲೇ ಬಿಚ್ಚಿಕೊಳ್ಳುತ್ತಿತ್ತು. ಯಜಮಾನ ಮೊರ ನೋಡಿ, ಇವಳು ನಾಳೆಯಿಂದ ಬರುವುದು ಬೇಡ ಎಂದ. ಅವಳ ತಾಯಿ ಅದೇ ಕೊಟ್ಟಿಗೆಯಲ್ಲಿ ದುಡಿದು ದುಡಿದು ಬೆರಳು ಸೆಟೆದು ಮನೆಯಲ್ಲಿ ಕುಳಿತಿದ್ದಳು. ಈ ಚಾಪೆ ತಪ್ಪಿದರೆ ಹುಡುಗಿ ತಾಯಿಯನ್ನು ಬಿಟ್ಟು, ದೂರದ ನಂಟರ ಮನೆಯಲ್ಲಿ ಪಾತ್ರೆ ತೊಳೆಯಲು ಹೋಗಬೇಕಿತ್ತು.

ಅದೇ ಹೊತ್ತಿಗೆ ಅಲ್ಲಿ ಓದುತ್ತಿದ್ದ ಹೆಂಗಸಿನ ಕಣ್ಣಿಗೆ ಪೊರೆ ಬಂದಿತ್ತು. ಕೊಟ್ಟಿಗೆಗೆ ಹಿರಿಯಳಾದ ಪೂವಕ್ಕ ಯಜಮಾನನನ್ನು ಒಪ್ಪಿಸಿ, ಹುಡುಗಿಯ ಕೈಗೆ ನೂಲಿನ ಬದಲು ಪುಸ್ತಕ ಕೊಟ್ಟಳು. ಹುಡುಗಿ ಪುಸ್ತಕವನ್ನು ನೋಡಿದಳು, ಬಾಗಿಲನ್ನು ನೋಡಿದಳು, ತಾಯಿಯನ್ನು ನೆನೆದು ಕುಳಿತುಕೊಂಡಳು.

ಅದು ರಟ್ಟು ಕಿತ್ತುಹೋದ ಒಂದು ಕಾದಂಬರಿ. ಮೊದಲ ಹಾಳೆಗಳೂ ಇರಲಿಲ್ಲ. ಅದರ ಹೆಸರೇನು, ಬರೆದವರು ಯಾರು ಎಂದು ಯಾರಿಗೂ ತಿಳಿಯದು. ಒಂದು ಹೊಳೆ, ಹೊಳೆ ದಾಟಿಸುವ ಒಬ್ಬ ಅಂಬಿಗ, ಅವನ ಮಗಳು. ಒಂದು ದಿನ ಅಂಬಿಗ ಆಚೆ ದಡಕ್ಕೆ ಹೋದವನು ಹಿಂದಿರುಗಲಿಲ್ಲ. ಅಲ್ಲಿಯವರೆಗಿನ ಕತೆಯನ್ನು ಹೆಂಗಸರು ಹಿಂದಿನವಳಿಂದ ಕೇಳಿದ್ದರು.

ಸುಗಂಧಿ ಶಾಲೆಯಲ್ಲಿ ಓದಿದ ಹಾಗೆಯೇ ಓದಿದಳು. ಒಂದು ಅಕ್ಷರ ತಪ್ಪಲಿಲ್ಲ, ಒಂದು ಮಾತು ತಲೆಗೆ ಹೋಗಲಿಲ್ಲ. ನಿನ್ನ ಹಾಗೆ, ಚನ್ನವೀರ, ಬಹಳ ಚೆನ್ನಾಗಿ ಓದಿದಳು. ಬೇಸರ ಹೆಚ್ಚಾದ ದಿನ ಪುಸ್ತಕ ಬೇಗ ಮುಗಿಯಲಿ ಎಂದು ಕೆಲವು ಹಾಳೆಗಳನ್ನು ಒಟ್ಟಿಗೆ ಮಗುಚಿಬಿಟ್ಟಳು. ಬೀಡಿ ಕಟ್ಟುವವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂದುಕೊಂಡಳು.

ಪೂವಕ್ಕ ಎಲೆಯಿಂದ ಕಣ್ಣು ಎತ್ತದೆ, “ದೋಣಿ ನಿನ್ನೆ ಆಚೆ ದಡದಲ್ಲಿ ಇತ್ತಲ್ಲ. ಈಗ ಈಚೆ ಉಂಟು. ತಂದದ್ದು ಯಾರು ಮಾರಾಯ್ತಿ?” ಎಂದಳು.

ಎಲ್ಲರೂ ನಕ್ಕರು. ಅದು ಶಾಲೆಯ ನಗೆ ಆಗಿರಲಿಲ್ಲ. ಹುಡುಗಿ ಮುಖ ಕೆಂಪು ಮಾಡಿಕೊಂಡು ಹಾಳೆಗಳನ್ನು ಹಿಂದಕ್ಕೆ ಮಗುಚಿ, ಬಿಟ್ಟದ್ದನ್ನು ಓದಿದಳು. ಮಂಜು ಕವಿದ ಒಂದು ಬೆಳಗ್ಗೆ ದೋಣಿ ತಾನಾಗಿಯೇ ತೇಲಿಕೊಂಡು ಈಚೆ ದಡಕ್ಕೆ ಬಂದಿತ್ತು. ಹುಟ್ಟು ಇರಲಿಲ್ಲ, ಅಂಬಿಗ ಇರಲಿಲ್ಲ. ಹಲಗೆಯ ಮೇಲೆ ಅವನ ಟೊಪ್ಪಿ ಮಾತ್ರ ಇತ್ತು. ಮಂಜಿನಿಂದ ಹಲಗೆ ಒದ್ದೆಯಾಗಿತ್ತು, ಹಗ್ಗ ಒದ್ದೆಯಾಗಿತ್ತು. ಟೊಪ್ಪಿ ಒದ್ದೆಯಾಗಿರಲಿಲ್ಲ.

ಓದಿ ಮುಗಿಸಿ ಅವಳು ಮನೆಗೆ ಹೊರಟಳು. ಟೊಪ್ಪಿಯೂ ಜೊತೆಗೆ ಹೊರಟಿತು. ಅನ್ನಕ್ಕೆ ನೀರಿಡುವಾಗ, ತಾಯಿಯ ಬೆರಳಿಗೆ ಎಣ್ಣೆ ತಿಕ್ಕುವಾಗ, ಅದು ಯಾಕೆ ಒದ್ದೆಯಾಗಲಿಲ್ಲ ಎಂಬ ಯೋಚನೆ ಅವಳನ್ನು ಬಿಡಲಿಲ್ಲ. ತಾಯಿಯನ್ನೇ ಕೇಳಿದಳು. ಯಾರ ಟೊಪ್ಪಿ ಎಂದು ತಾಯಿ ಕೇಳಿದರೆ ಹೇಳಲು ಇವಳಿಗೆ ಗೊತ್ತಾಗಲಿಲ್ಲ. ಪುಸ್ತಕ ನೋಡೋಣವೆಂದರೆ ಅದು ಕೊಟ್ಟಿಗೆಯಲ್ಲಿ ಎಲೆಯ ಮೂಟೆಯ ಕೆಳಗೆ ಇತ್ತು. ಮರುದಿನ ಅವಳು ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯುವುದನ್ನು ಕಾದಳು. ಪೂವಕ್ಕ ಅದನ್ನು ಗಮನಿಸಿದಳು.

ಹೀಗೆ ಇರುವಾಗ ಒಂದು ಮಧ್ಯಾಹ್ನ. ಊಟ ಮುಗಿದಿತ್ತು. ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು. ಕತೆಯಲ್ಲಿ ಮತ್ತೆ ಮಂಜು ಕವಿದಿತ್ತು. ಅಂಬಿಗನ ಮಗಳು ದಡದಲ್ಲಿ ನಿಂತಿದ್ದಾಳೆ. ಆಚೆಯಿಂದ ಯಾರೋ ಕರೆಯುತ್ತಿದ್ದಾರೆ. ಅದು ತಂದೆಯ ಕೂಗೋ, ಬೇರೆಯವರದೋ ತಿಳಿಯುವುದಿಲ್ಲ. ಮಂಜಿನಲ್ಲಿ ಹೋಗಬೇಡ ಎಂದು ತಂದೆಯೇ ಹೇಳಿದ್ದ. ಮತ್ತೊಮ್ಮೆ ಕೂಗು ಕೇಳಿಸಿತು.

“ಹುಡುಗಿ ಹಗ್ಗ ಬಿಚ್ಚಿದಳು” ಎಂದು ಸುಗಂಧಿ ಓದಿದಳು.

ಅದರ ಮುಂದಿನ ಮಾತು ಕೊಟ್ಟಿಗೆಗೆ ಕೇಳಿಸಲಿಲ್ಲ. ಸುಗಂಧಿಯ ಕಣ್ಣು ಮುಂದೆ ಹೋಯಿತು, ದನಿ ಹಿಂದೆಯೇ ಉಳಿಯಿತು. ತಾನು ನಿಲ್ಲಿಸಿದ್ದೇನೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಚಾಪೆ ಇರಲಿಲ್ಲ, ಮೊರ ಇರಲಿಲ್ಲ, ಹೊಗೆಸೊಪ್ಪಿನ ಘಾಟು ಇರಲಿಲ್ಲ. ದೋಣಿಯ ಅಡಿಯಲ್ಲಿ ನೀರು ಮೆಲ್ಲಗೆ ಸರಿಯುತ್ತಿತ್ತು. ಹಿಂದಿನ ದಡ ಕಾಣಿಸುತ್ತಿರಲಿಲ್ಲ, ಮುಂದಿನದೂ ಕಾಣಿಸುತ್ತಿರಲಿಲ್ಲ. ಕೈ ಚಾಚಿದರೆ ಕೈಯೇ ಮಂಜಿನಲ್ಲಿ ಕರಗುತ್ತಿತ್ತು. ಕೂಗು ಒಮ್ಮೆ ಹತ್ತಿರದಲ್ಲಿ, ಒಮ್ಮೆ ದೂರದಲ್ಲಿ. ಅವಳಿಗೆ ಹೆದರಿಕೆಯಾಯಿತು. ಆ ಹೆದರಿಕೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಹಾಳೆ ಮಗುಚಿದ್ದು ಅವಳೋ, ಅವಳ ಬೆರಳೋ ಗೊತ್ತಿಲ್ಲ. ಶಾಲೆಯಲ್ಲಿ ಅಷ್ಟು ವರ್ಷ ಪುಸ್ತಕ ಹಿಡಿದು ನಿಂತವಳು ಅಂದು ಮೊದಲ ಸಲ ಪುಸ್ತಕದ ಒಳಗೆ ಕಾಲಿಟ್ಟಿದ್ದಳು.

ನೀರು ಕುಡಿಯುತ್ತಿದ್ದಾಳೆ ಎಂದು ಹೆಂಗಸರು ಮೊದಲು ತಿಳಿದರು. ಆಮೇಲೆ ಒಬ್ಬೊಬ್ಬರಾಗಿ ತಲೆ ಎತ್ತಿದರು. ಹುಡುಗಿಯ ತುಟಿ ಅರೆ ತೆರೆದಿತ್ತು, ಕಣ್ಣು ಸಾಲಿನ ಮೇಲೆ ಓಡುತ್ತಿತ್ತು. ಒಬ್ಬಳು ಕರೆಯಲು ಬಾಯಿ ತೆರೆದಳು. ಪೂವಕ್ಕ ಕೈ ಸನ್ನೆ ಮಾಡಿ ತಡೆದಳು. ಕತ್ತರಿಗಳು ನಿಂತವು, ಕೈಗಳು ನಿಂತವು. ಹಂಚಿನ ಮೇಲೆ ಕಾಗೆ ನಡೆಯುವುದು ಕೇಳಿಸಿತು.

ಒಳಗಿನ ಕೋಣೆಯಲ್ಲಿದ್ದ ಯಜಮಾನನನ್ನು ಆ ನಿಶ್ಶಬ್ದವೇ ಎಬ್ಬಿಸಿತು. ಅವನು ಬಂದು ನೋಡಿದ. ಒಂದು ಕೈಯೂ ಆಡುತ್ತಿರಲಿಲ್ಲ. ಏನಾಯಿತು ಎಂದು ಕೇಳಿದ.

“ಮೆಲ್ಲ ಮಾತಾಡಿ. ಹುಡುಗಿ ಇಲ್ಲಿ ಇಲ್ಲ” ಎಂದಳು ಪೂವಕ್ಕ.

“ಮತ್ತೆ ಅಲ್ಲಿ ಕೂತದ್ದು ಯಾರು?”

“ಕೂತದ್ದು ಅವಳೇ. ಆದರೆ ಹೊಳೆಯಲ್ಲಿ ಇದ್ದಾಳೆ. ಬರ್ತಾಳೆ, ಸ್ವಲ್ಪ ತಡೀರಿ.”

ಅಷ್ಟರಲ್ಲಿ ಅಧ್ಯಾಯ ಮುಗಿದು ಸುಗಂಧಿ ತಲೆ ಎತ್ತಿದಳು. ನಿಂತ ಕೈಗಳನ್ನು ನೋಡಿದಳು. ಯಜಮಾನನನ್ನು ನೋಡಿದಳು. ಚಾಪೆ ಹೋಯಿತು ಎಂದುಕೊಂಡಳು. ಅಮ್ಮನನ್ನು ಬಿಟ್ಟು ಹೋಗಬೇಕಲ್ಲ ಎಂದು ಸಂಕಟವಾಯಿತು. ಆ ಸಂಕಟದ ಪಕ್ಕದಲ್ಲೇ ಇನ್ನೊಂದು ಸಂಕಟ ಇತ್ತು. ಪುಸ್ತಕ ಇಲ್ಲೇ ಉಳಿಯುತ್ತದೆ, ಮುಂದೆ ಏನಾಯಿತೆಂದು ತನಗೆ ಎಂದೂ ತಿಳಿಯುವುದಿಲ್ಲ. ಪುಸ್ತಕ ಸುಟ್ಟು ಸ್ನಾನ ಮಾಡಿದ ಹುಡುಗಿಗೆ ಇದಕ್ಕಾಗಿ ಕಣ್ಣಲ್ಲಿ ನೀರು ಬಂತು. ಅದು ಅವಳಿಗೇ ಆಶ್ಚರ್ಯ.

ಅವಳು ಎದ್ದು ಪುಸ್ತಕವನ್ನು ಪೂವಕ್ಕನ ಮಡಿಲಲ್ಲಿಟ್ಟು ಬಾಗಿಲ ಕಡೆಗೆ ನಡೆದಳು. ಹಿಂದಿನಿಂದ ಯಾರೋ, “ಹುಡುಗಿ ಹಗ್ಗ ಬಿಚ್ಚಿದಳು” ಎಂದರು. ಇನ್ನೊಬ್ಬಳು ಅದನ್ನೇ ಹೇಳಿದಳು. ಮೂಲೆಯಲ್ಲಿದ್ದವಳೂ ಹೇಳಿದಳು. ಅವಳು ಬಿಟ್ಟು ಹೋದ ಜಾಗವನ್ನು ಅವರೆಲ್ಲ ಅಷ್ಟು ಹೊತ್ತು ಮನಸ್ಸಿನಲ್ಲಿ ಹಿಡಿದುಕೊಂಡು ಕುಳಿತಿದ್ದರು. ಹುಡುಗಿ ಹೊಸ್ತಿಲಲ್ಲೇ ನಿಂತಳು.

ಪೂವಕ್ಕ ಯಜಮಾನನ ಕಡೆ ತಿರುಗಿ, “ಹಗ್ಗ ಬಿಚ್ಚಿ ಆಗಿದೆ. ನಮ್ಮನ್ನು ನಡುನೀರಿನಲ್ಲಿ ಬಿಡಬೇಡಿ. ದೋಣಿ ದಡ ಸೇರಲಿ, ಆಮೇಲೆ ಬೇಕಾದರೆ ಅವಳನ್ನು ಕಳಿಸಿ” ಎಂದಳು. ಕಮ್ಮಿಯಾದ ಬೀಡಿಯನ್ನು ದೀಪ ಹಚ್ಚಿಕೊಂಡಾದರೂ ಕಟ್ಟಿಕೊಡುತ್ತೇವೆ ಎಂದು ಉಳಿದವರು ಹೇಳಿದರು.

ಯಜಮಾನನಿಗೆ ಕಾದಂಬರಿಯ ವಿಷಯ ಗೊತ್ತಿರಲಿಲ್ಲ. ದೋಣಿ ಸಂಜೆಯೊಳಗೆ ದಡ ಸೇರುತ್ತದೆ ಎಂದುಕೊಂಡ. ಹಾಗೇ ಆಗಲಿ ಎಂದ.

ಸುಗಂಧಿ ಬಂದು ಕುಳಿತು, ಹಗ್ಗ ಬಿಚ್ಚಿದಲ್ಲಿಂದ ಮತ್ತೆ ಓದಿದಳು. ಮುಂದಿನದು ಅವಳಿಗೆ ಗೊತ್ತಿತ್ತು. ಆದರೂ ಹೆದರಿಕೆ ಎರಡನೇ ಸಲವೂ ಅಷ್ಟೇ ಆಯಿತು. ಅವಳ ದನಿ ಬೇರೆಯಾಗಿತ್ತು. ಅಂದಿನಿಂದ ಅವಳು ಓದುವಾಗ ಅಲ್ಲಲ್ಲಿ ತಪ್ಪತೊಡಗಿದಳು. ಕಣ್ಣು ಮುಂದೆ ಓಡುತ್ತಿತ್ತು, ನಾಲಗೆ ಎಡವುತ್ತಿತ್ತು. ಯಾರೂ ನಗಲಿಲ್ಲ. ಒಮ್ಮೊಮ್ಮೆ ಅವಳು ಸುಮ್ಮನಾಗಿಬಿಡುವಳು. ಹೆಂಗಸರು ಕೈ ನಿಲ್ಲಿಸದೆ ಕಾಯುವುದನ್ನು ಕಲಿತರು.

ದೋಣಿ ದಡ ಸೇರುವ ಹೊತ್ತಿಗೆ ಮಳೆಗಾಲವೇ ಮುಗಿದಿತ್ತು. ಅಷ್ಟು ದಿನವೂ ಯಜಮಾನ ಬಂದು, ಸೇರಿತೇ ಎಂದು ಕೇಳುತ್ತಿದ್ದ. ಮೊದಮೊದಲು ಬಾಗಿಲಲ್ಲಿ ನಿಂತು ಕೇಳಿದ. ಆಮೇಲೆ ಎಲೆಯ ಮೂಟೆಯ ಮೇಲೆ ಕುಳಿತು ಕೇಳಿದ. ಕೊನೆಗೆ ದೋಣಿ ದಡ ಮುಟ್ಟಿದ ದಿನ, ಇಳಿದ ಅಂಬಿಗನ ಮಗಳು ಅಲ್ಲಿಂದ ಎಲ್ಲಿಗೆ ಹೋದಳು ಎಂದು ಎಲ್ಲರಿಗಿಂತ ಮೊದಲು ಕೇಳಿದವನು ಅವನೇ. ಸುಗಂಧಿಯನ್ನು ಕಳಿಸುವ ಮಾತು ಅವನಿಗೆ ನೆನಪಾಗಲಿಲ್ಲ. ಯಾರೂ ನೆನಪಿಸಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಆದರೆ ಗುರುಗಳೇ, ಓದಬೇಕಾದವಳು ನಡುವೆ ಸುಮ್ಮನಾದದ್ದು ತಪ್ಪಲ್ಲವೇ? ನಾನು ಹಾಗೆ ಪುಸ್ತಕದಲ್ಲಿ ಮುಳುಗಿ ನಿಂತುಬಿಟ್ಟರೆ ಪಂಕ್ತಿಯಲ್ಲಿ ಕುಳಿತವರ ಅನ್ನ ಆರುತ್ತದೆ” ಎಂದ ಚನ್ನವೀರ.

ಆರುತ್ತದೆ ಎಂದು ಗುರುಗಳು ಒಪ್ಪಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

“ಇಷ್ಟು ವರ್ಷ ಓದಿದೆಯಲ್ಲ ಚನ್ನವೀರ, ಒಂದು ದಿನವಾದರೂ ನಮ್ಮ ಅನ್ನ ಆರಿತೇ?”