ಉಳಿದಿದ್ದ ಒಂದೇ ಸೀಟು

ಮಗಳಿಗೊಂದು ಸೀಟು ಹುಡುಕುತ್ತಿದ್ದ ಆ ಕರೆಂಟ್ ಮೀಟರ್ ರೀಡರ್‌ಗೆ ಬೆಳಿಗ್ಗೆಯಿಂದ ಅದು ಐದನೇ ನರ್ಸರಿ ಶಾಲೆ. ಕಾಲುಗಳು ಸೋತಿದ್ದವು. ಮೂರು ವರ್ಷದ ಮಗಳು ಹೆಗಲ ಮೇಲೆಯೇ ನಿದ್ದೆ ಹೋಗಿದ್ದಳು.

ಪ್ರಿನ್ಸಿಪಾಲ್ ಮೇಡಂ ಎ.ಸಿ., ಕ್ಯಾಮೆರಾ ಎಲ್ಲ ತೋರಿಸಿ ಫೀಸು ಹೇಳಿದರು. ಅವನ ಎರಡು ತಿಂಗಳ ಸಂಬಳ!

"ಉಳಿದಿರೋದು ಒಂದೇ ಸೀಟು, ಈಗಲೇ ಹೇಳಿ. ಮಗುವಿನ ಭವಿಷ್ಯದಲ್ಲೂ ಚೌಕಾಸಿನಾ?"

"ಚೌಕಾಸಿ ಇಲ್ಲ ಮೇಡಂ. ಒಂದು ಮಾತು ಕೇಳಬೇಕು. ನಿಮ್ಮನ್ನಲ್ಲ, ಇಲ್ಲಿನ ಆಯಾನ್ನ."

"ಆಯಾಗೇನ್ರೀ ಗೊತ್ತು?"

"ಹದಿನೈದು ವರ್ಷದ ಅಭ್ಯಾಸ ಮೇಡಂ. ಎಷ್ಟು ಕರೆಂಟು ಖರ್ಚಾಗಿದೆ ಅಂತ ನಾವು ಮನೆ ಯಜಮಾನರನ್ನ ಕೇಳಲ್ಲ. ಮೂಲೆಗೆ ಹೋಗಿ ಮೀಟರ್ ನೋಡ್ತೀವಿ."

ಮೂಲೆಯಲ್ಲಿ ಆಯಾ ದ್ಯಾವಮ್ಮ ಮಗುವೊಂದರ ಮೂಗು ಒರೆಸುತ್ತಿದ್ದಳು. ಅವಳತ್ತ ತಿರುಗಿ ಕೇಳಿದ: "ಅಮ್ಮಾ, ನಿಮ್ಮ ಮೊಮ್ಮಗಳನ್ನ ಎಲ್ಲಿಗೆ ಕಳಿಸ್ತೀರಿ?"

"ಹಿಂದಿನ ಬೀದಿ ಅಂಗನವಾಡಿಗಪ್ಪ. ಅಲ್ಲಿನ ಟೀಚರ್ ಮಕ್ಕಳನ್ನ ಚೆನ್ನಾಗಿ ನೋಡ್ಕೋತಾರೆ. ನಮ್ಮ ಮೇಡಂ ಮೊಮ್ಮಗನ್ನೂ ದಿನಾ ನಾನೇ ಅಲ್ಲಿಗೆ ಬಿಟ್ಟು ಬರೋದು."

ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

ಅವನು ಮಗಳನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ಬಾಗಿಲಲ್ಲಿ ನಿಂತು ಹೇಳಿದ: "ಆ ಒಂದು ಸೀಟು ನಿಮ್ಮ ಮೊಮ್ಮಗನಿಗೇ ಇಟ್ಕೊಳ್ಳಿ ಮೇಡಂ."